ಮುಂದೂಡುವ ಅಧಿಕಾರ ಕಾನೂನಿನಲ್ಲಿಲ್ಲ, ಆದರೂ ಸ್ಥಳೀಯ ಚುನಾವಣೆ ನಡೆಯುವುದಿಲ್ಲ ಏಕೆ?

‘ಜಿಲ್ಲಾ ಪಂಚಾಯಿತಿ ಚುನಾವಣೆ ಮತ್ತೆ ಮುಂದಕ್ಕೆ’ ಎಂಬ ತಲೆಬರಹ ಕಂಡಾಗಲೆಲ್ಲ ಕೇಳಬೇಕಾದ ಪ್ರಶ್ನೆ ಒಂದೇ: ಮುಂದೂಡಿದ ಆದೇಶ ಎಲ್ಲಿದೆ? ಯಾವ ಕಲಮಿನಡಿ, ಯಾರ ಸಹಿಯಲ್ಲಿ? ಹುಡುಕಿ ನೋಡಿ, ಬಹಳಷ್ಟು ಸಲ ಅಂಥ ಆದೇಶವೇ ಇರುವುದಿಲ್ಲ. ಚುನಾವಣೆಗೆ ಬೇಕಾದ ಯಾವುದೋ ಒಂದು ಪಟ್ಟಿ ಯಾವುದೋ ಒಂದು ಇಲಾಖೆಯ ಮೇಜಿನ ಮೇಲೆ ಕೂತಿರುತ್ತದೆ. ಅದು ಎದ್ದು ಬರುವವರೆಗೆ ರಾಜ್ಯ ಚುನಾವಣಾ ಆಯೋಗ ವೇಳಾಪಟ್ಟಿ ಹೊರಡಿಸಲಾರದು.

ಮೊದಲು ಕಾನೂನು ನೋಡೋಣ. ಪಂಚಾಯಿತಿಗಳಿಗೆ ಸಂವಿಧಾನದ 243ಇ ವಿಧಿ, ನಗರ ಸಂಸ್ಥೆಗಳಿಗೆ 243ಯು. ಎರಡರ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ. ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಐದು ವರ್ಷ ಮುಗಿಯುವ ಮೊದಲೇ ಹೊಸ ಚುನಾವಣೆ ‘ಪೂರ್ಣಗೊಂಡಿರಬೇಕು’. ಶುರುವಾಗಿದ್ದರೆ ಸಾಲದು. ನಡುವೆಯೇ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ. ವಿಸರ್ಜನೆಯಾದಾಗ ಉಳಿದ ಅವಧಿಯೇ ಆರು ತಿಂಗಳಿಗಿಂತ ಕಡಿಮೆಯಿದ್ದರೆ ಮಾತ್ರ ಆ ತುಂಡು ಅವಧಿಗಾಗಿ ಚುನಾವಣೆ ಬೇಡ.

ಇಲ್ಲಿ ಏನು ಇಲ್ಲ ಎಂಬುದನ್ನು ಗಮನಿಸಬೇಕು. ಲೋಕಸಭೆಗೆ 83ನೇ ವಿಧಿಯಲ್ಲೂ ವಿಧಾನಸಭೆಗೆ 172ನೇ ವಿಧಿಯಲ್ಲೂ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗ ಅವಧಿಯನ್ನು ಒಂದು ಸಲಕ್ಕೆ ಒಂದು ವರ್ಷದಂತೆ ಸಂಸತ್ತು ಹಿಗ್ಗಿಸಬಹುದು ಎಂಬ ಪರಂತುಕವಿದೆ. 1976ರಲ್ಲಿ ಲೋಕಸಭೆಯ ಅವಧಿಯನ್ನು ಹಿಗ್ಗಿಸಿದ್ದೂ ಆ ದಾರಿಯಲ್ಲೇ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳನ್ನು ಬರೆದವರ ಕಣ್ಣೆದುರೇ ಈ ಪರಂತುಕ ಇತ್ತು, ಆದರೂ ಅದನ್ನು ಇಲ್ಲಿಗೆ ತರಲಿಲ್ಲ. ಹಾಗಾಗಿ ತುರ್ತು ಪರಿಸ್ಥಿತಿಯಲ್ಲಿ ಕೂಡ ಗ್ರಾಮ ಪಂಚಾಯಿತಿಯೊಂದರ ಅವಧಿಯನ್ನು ಒಂದು ದಿನ ಹೆಚ್ಚಿಸುವ ಅಧಿಕಾರ ಸಂಸತ್ತಿಗೂ ಇಲ್ಲ, ರಾಜ್ಯ ಸರ್ಕಾರಕ್ಕಂತೂ ಇಲ್ಲವೇ ಇಲ್ಲ. ಈ ಒಂದು ವಿಷಯದಲ್ಲಿ ಪಂಚಾಯಿತಿಯ ಕಟ್ಟು ವಿಧಾನಸಭೆಗಿಂತ ಬಿಗಿ.

ಹಾಗಾದರೆ ಪ್ರವಾಹ ಬಂದರೆ, ಗಲಭೆ ಎದ್ದರೆ? ಇದಕ್ಕೆ ಉತ್ತರ ಸಂವಿಧಾನದ ಪಠ್ಯದಲ್ಲಿಲ್ಲ, ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಅಹಮದಾಬಾದ್ ನಗರಪಾಲಿಕೆಯ ಅವಧಿ 2005ರ ಅಕ್ಟೋಬರ್ 15ಕ್ಕೆ ಮುಗಿಯುವುದಿತ್ತು, ಹೊಸ ಚುನಾವಣೆಯ ಸುಳಿವಿರಲಿಲ್ಲ. ಇದರಿಂದ ಹುಟ್ಟಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರ ಅಕ್ಟೋಬರ್ 19ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿದ್ದು ಇಷ್ಟು: ಐದು ವರ್ಷದ ಗಡುವು ಕಡ್ಡಾಯ, ಗಲಭೆ, ಕಾನೂನು ಸುವ್ಯವಸ್ಥೆಯ ಕುಸಿತದಂಥ ಮಾನವನಿರ್ಮಿತ ವಿಪತ್ತು ಅಥವಾ ಪ್ರಕೃತಿ ವಿಕೋಪ ಆಡಳಿತವನ್ನು ಕಟ್ಟಿಹಾಕಿದಂಥ ಅಪವಾದದ ಸಂದರ್ಭ ಬಿಟ್ಟರೆ ತಡಮಾಡುವಂತಿಲ್ಲ, ಮತದಾರರ ಪಟ್ಟಿ ಪರಿಷ್ಕರಣೆ ನಡೆಯುತ್ತಿದೆ ಎಂಬುದು ಅಂಥ ಕಾರಣವಲ್ಲ. ಜೊತೆಗೆ ಇನ್ನೊಂದು ಮಾತು. ರಾಜ್ಯ ಸರ್ಕಾರ ಸಹಕರಿಸದಿದ್ದರೆ ರಾಜ್ಯ ಚುನಾವಣಾ ಆಯೋಗವೇ ಮೊದಲು ಹೈಕೋರ್ಟಿಗೆ, ಬೇಕಾದರೆ ಸುಪ್ರೀಂ ಕೋರ್ಟಿಗೆ ಹೋಗಿ ನಿರ್ದೇಶನ ತರಬಹುದು. ಈ ಕೊನೆಯ ಮಾತನ್ನು ಆಯೋಗಗಳು ಬಳಸಿಕೊಂಡದ್ದು ಕಡಿಮೆ.

ಅಪವಾದ ಬಂದಾಗ ತೀರ್ಮಾನ ಯಾರದು? ಆಯೋಗದ್ದು. ಮತದಾರರ ಪಟ್ಟಿ ಮತ್ತು ಚುನಾವಣೆ ನಡೆಸುವುದರ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣ ಎಲ್ಲವೂ 243ಕೆ ವಿಧಿಯಂತೆ ಆಯೋಗದ ಕೈಯಲ್ಲಿವೆ. ನಗರ ಸಂಸ್ಥೆಗಳಿಗೆ ಅದನ್ನೇ 243ಝಡ್‌ಎ ಹೇಳುತ್ತದೆ. ಆಂಧ್ರಪ್ರದೇಶದಲ್ಲಿ 2020ರ ಮಾರ್ಚ್ 15ರಂದು ಕೋವಿಡ್ ಕಾರಣ ಕೊಟ್ಟು ಚುನಾವಣೆಯನ್ನು ಆರು ವಾರ ತಡೆಹಿಡಿದದ್ದು ಆಯೋಗ, ಬೇಡವೆಂದು ಸುಪ್ರೀಂ ಕೋರ್ಟಿಗೆ ಓಡಿದ್ದು ಸರ್ಕಾರ. ಮುಂದೂಡಿಕೆಯಲ್ಲಿ ಕೋರ್ಟ್ ಕೈಹಾಕಲಿಲ್ಲ. ಆದರೆ ನೀತಿ ಸಂಹಿತೆಯನ್ನು ಸಡಿಲಿಸಲು ಹೇಳಿತು, ಹೊಸ ದಿನಾಂಕ ಗೊತ್ತುಮಾಡುವ ಮುನ್ನ ಸರ್ಕಾರದ ಜೊತೆ ಸಮಾಲೋಚಿಸಿ ಎಂದಿತು. ಮುಂದಿನ ವರ್ಷದ ಜನವರಿಯಲ್ಲಿ ಪಾತ್ರಗಳು ಅದಲುಬದಲು: ಆಯೋಗ ಪಂಚಾಯಿತಿ ಚುನಾವಣೆ ಘೋಷಿಸಿತು, ಸರ್ಕಾರ ಲಸಿಕೆ ಅಭಿಯಾನದ ನೆಪ ಹೇಳಿ ತಡೆಯಲು ಹೋಯಿತು. ಆಗಲೂ ಕೊನೆಗೆ ನಿಂತದ್ದು ಆಯೋಗದ ಮಾತೇ.

ಕರ್ನಾಟಕದಲ್ಲಿ 2020ರ ಮೇ ತಿಂಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಿಂತದ್ದೂ ಇದೇ ಅಪವಾದದಡಿ. ನಿಜವಾದ ಅರ್ಥದ ಮುಂದೂಡಿಕೆ ಎಂದು ಕರೆಯಬಹುದಾದದ್ದು ಅದು: ಕಾರಣ ಬರಹದಲ್ಲಿತ್ತು, ಹೊರಡಿಸಿದ್ದು ಆಯೋಗ. ಮತದಾನದ ದಿನ ಒಂದು ಬೂತಿನಲ್ಲಿ ಗಲಾಟೆಯಾಗಿಯೋ ಮಳೆ ನುಗ್ಗಿಯೋ ಮತದಾನ ನಿಲ್ಲಿಸಿದರೆ, ಅದೂ ಕಾನೂನು ಒಪ್ಪುವ ಮುಂದೂಡಿಕೆಯೇ. ಆದರೆ ಅದು ಆ ಬೂತಿಗೆ, ಆ ವಾರ್ಡಿಗೆ ಮಾತ್ರ. ಇಡೀ ಸಂಸ್ಥೆಯ ಚುನಾವಣೆಯನ್ನು ಅದರ ಹೆಸರಲ್ಲಿ ನಿಲ್ಲಿಸಲು ಬರುವುದಿಲ್ಲ.

ಇನ್ನು ಉಳಿದ, ಹೆಸರಿಲ್ಲದ ಮುಂದೂಡಿಕೆಗಳ ವಿಷಯ. ಒಂದು ಚುನಾವಣೆಗೆ ಮೂರು ಪಟ್ಟಿ ಸಿದ್ಧವಾಗಬೇಕು, ಅದೂ ಒಂದರ ಹಿಂದೆ ಒಂದು. ಮೊದಲು ಕ್ಷೇತ್ರ ಅಥವಾ ವಾರ್ಡುಗಳ ಗಡಿ. ಗಡಿ ಅಂತಿಮವಾದ ಮೇಲೆ ಯಾವ ವಾರ್ಡ್ ಯಾರಿಗೆ ಎಂಬ ಮೀಸಲಾತಿ ಪಟ್ಟಿ. ಜೊತೆಗೆ ಅದೇ ಗಡಿಗಳಿಗೆ ಸರಿಯಾಗಿ ವಿಧಾನಸಭಾ ಪಟ್ಟಿಯನ್ನು ಬಿಡಿಸಿ ಮಾಡುವ ವಾರ್ಡುವಾರು ಮತದಾರರ ಪಟ್ಟಿ. ಪ್ರತಿಯೊಂದಕ್ಕೂ ಕರಡು, ಆಕ್ಷೇಪಣೆ, ಅಂತಿಮ ಅಧಿಸೂಚನೆ. ಇವುಗಳಲ್ಲಿ ಮತದಾರರ ಪಟ್ಟಿಯೊಂದೇ ಪೂರ್ತಿ ಆಯೋಗದ ಕೈಯಲ್ಲಿರುವುದು. ಮೊದಲನೆಯದು ಅಲುಗಿದರೆ ಉಳಿದೆರಡೂ ಬಿದ್ದವು. ಇಸ್ಪೀಟಿನ ಮನೆ.

ಮೂರೂ ಕೈಗೆ ಬಂದ ಮೇಲೆ ಎಷ್ಟು ಹೊತ್ತು ಬೇಕು? 2020ರ ಗ್ರಾಮ ಪಂಚಾಯಿತಿ ಚುನಾವಣೆಯನ್ನೇ ನೋಡಿ. ಹೈಕೋರ್ಟ್ ಗಡುವು ಕೊಟ್ಟ ಮೇಲೆ ನವೆಂಬರ್ 30ರಂದು ಆಯೋಗ ವೇಳಾಪಟ್ಟಿ ಪ್ರಕಟಿಸಿತು. ಮೊದಲ ಹಂತಕ್ಕೆ ಡಿಸೆಂಬರ್ 7ರಂದು ಜಿಲ್ಲಾಧಿಕಾರಿಗಳ ಅಧಿಸೂಚನೆ, 11ಕ್ಕೆ ನಾಮಪತ್ರಕ್ಕೆ ಕೊನೆ, 12ಕ್ಕೆ ಪರಿಶೀಲನೆ, 14ಕ್ಕೆ ವಾಪಸಾತಿ, 22ಕ್ಕೆ ಮತದಾನ. ಎರಡನೇ ಹಂತದ ಮತದಾನ 27ಕ್ಕೆ, ಎಣಿಕೆ 30ಕ್ಕೆ. ಐದು ಸಾವಿರಕ್ಕೂ ಹೆಚ್ಚು ಪಂಚಾಯಿತಿಗಳ ಚುನಾವಣೆ ಘೋಷಣೆಯಿಂದ ಎಣಿಕೆಯವರೆಗೆ ಒಂದೇ ತಿಂಗಳಲ್ಲಿ ಮುಗಿಯಿತು. ‘ಚುನಾವಣೆ ನಡೆಸಲು ಸಮಯ ಬೇಕು’ ಎಂದು ಯಾರಾದರೂ ಹೇಳಿದರೆ ಈ ದಿನಾಂಕಗಳನ್ನು ಅವರ ಮುಂದಿಡಿ. ಸಮಯ ತಿನ್ನುವುದು ಚುನಾವಣೆಯಲ್ಲ, ಅದಕ್ಕೂ ಹಿಂದಿನ ಮೇಜುಗಳು.

ಬೆಂಗಳೂರು ಇದಕ್ಕೆ ಪಠ್ಯಪುಸ್ತಕ. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಗ ಇದ್ದದ್ದು 198 ವಾರ್ಡ್. ಅದೇ ಹೊತ್ತಿಗೆ ಶಾಸನ ತಿದ್ದಿ ಸಂಖ್ಯೆಯನ್ನು 243ಕ್ಕೆ ಏರಿಸಿದರು. ಹಳೆಯ 198ಕ್ಕೇ ಚುನಾವಣೆ ನಡೆಸಿ ಎಂದು ಹೈಕೋರ್ಟ್ ಡಿಸೆಂಬರ್ 4ರಂದು ಹೇಳಿತು. ಎರಡು ವಾರದಲ್ಲಿ, ಡಿಸೆಂಬರ್ 18ಕ್ಕೆ, ಸುಪ್ರೀಂ ಕೋರ್ಟಿನಿಂದ ಅದಕ್ಕೆ ತಡೆಯಾಜ್ಞೆ ಬಂತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಎಂಟು ವಾರದಲ್ಲಿ ವಾರ್ಡ್ ಗಡಿ ವಿಂಗಡಣೆ ಮತ್ತು ಮೀಸಲಾತಿ ಮುಗಿಸಿ ಎಂದಿತು. ಜುಲೈನಲ್ಲಿ 243 ವಾರ್ಡುಗಳ ಗಡಿ ಬಂತು, ಆಗಸ್ಟ್‌ನಲ್ಲಿ ಮೀಸಲಾತಿ ಬಂತು, ಸೆಪ್ಟೆಂಬರ್ 30ಕ್ಕೆ ಹೈಕೋರ್ಟ್ ಆ ಮೀಸಲಾತಿ ಪಟ್ಟಿಯನ್ನೇ ರದ್ದು ಮಾಡಿತು. ಡಿಸೆಂಬರ್ 31ರೊಳಗೆ ಚುನಾವಣೆ ಎಂಬ ಗಡುವೂ ಇತ್ತು. ಅದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. 2023ರಲ್ಲಿ ಸರ್ಕಾರ ಬದಲಾಯಿತು, ಸೆಪ್ಟೆಂಬರಿನಲ್ಲಿ ವಾರ್ಡುಗಳು 225 ಆದವು. ಆಮೇಲೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು 2025ರ ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಅಲ್ಲಿಗೆ ಕೌನ್ಸಿಲ್ ಇಲ್ಲದೆ ಐದು ವರ್ಷ, ಅಂದರೆ ಒಂದು ಪೂರ್ಣಾವಧಿಯೇ ಕಳೆದಿತ್ತು.

198, 243, 225, ಕೊನೆಗೆ ಐದು ಹೊಸ ಪಾಲಿಕೆ. ಪ್ರತಿ ಸಲ ಗಡಿ ಬದಲಾದಾಗ ಮೂರೂ ಪಟ್ಟಿಗಳು ಮೊದಲ ಮೆಟ್ಟಿಲಿಗೆ ಇಳಿದವು. ಪ್ರತಿ ಬದಲಾವಣೆಗೂ ಅದರದೇ ಸಮರ್ಥನೆ ಇದೆ, ಕೆಲವು ಸಮರ್ಥನೆಗಳಲ್ಲಿ ಹುರುಳೂ ಇದೆ. ಆದರೆ ಕಾನೂನಿನ ಪ್ರಶ್ನೆ ಬೇರೆ. ಗಡಿ ಬದಲಿಸಬೇಕಾದರೆ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಬದಲಿಸಿ ಮುಗಿಸಲು ಅಡ್ಡಿ ಏನಿತ್ತು?

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಕಥೆ ಇನ್ನೂ ನೇರ. 2021ರ ಬೇಸಿಗೆಯಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎರಡನ್ನೂ ಅದುವರೆಗೆ ಆಯೋಗವೇ ಮಾಡುತ್ತಿತ್ತು, ಕೆಲಸವೂ ಬಹಳ ದೂರ ಸಾಗಿತ್ತು. ಆಗ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವನ್ನು ತಿದ್ದಿ ಆ ಅಧಿಕಾರವನ್ನು ಆಯೋಗದಿಂದ ಕಿತ್ತು, ಕ್ಷೇತ್ರಗಳ ಗಡಿ ಗುರುತಿಸಲು ಪ್ರತ್ಯೇಕ ಸೀಮಾ ನಿರ್ಣಯ ಆಯೋಗ ರಚಿಸಿದರು. ಮಾಡಿದ್ದೆಲ್ಲ ಹೊಳೆಯಲ್ಲಿ ಹೋಮ. ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು. ಸರ್ಕಾರ ವಾಯಿದೆ ಮೇಲೆ ವಾಯಿದೆ ಕೇಳಿತು. 2022ರ ಡಿಸೆಂಬರಿನಲ್ಲಿ ಹೈಕೋರ್ಟ್ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ರಾಜ್ಯದ ಬೊಕ್ಕಸಕ್ಕೆ 5 ಲಕ್ಷ ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಹಿಂದುಳಿದ ವರ್ಗಗಳ ಮೀಸಲಾತಿ ಇನ್ನೊಂದು ಗಂಟು. 2010ರ ಕೆ. ಕೃಷ್ಣಮೂರ್ತಿ ತೀರ್ಪು ಬುನಾದಿ, 2021ರ ಮಾರ್ಚ್ 4ರ ವಿಕಾಸ್ ಗವಳಿ ತೀರ್ಪು ಅದನ್ನು ಮೂರು ಪರೀಕ್ಷೆಯಾಗಿ ಕಟ್ಟಿಕೊಟ್ಟಿತು: ಸ್ಥಳೀಯ ಸಂಸ್ಥೆಗಳಲ್ಲಿನ ಹಿಂದುಳಿದಿರುವಿಕೆಯನ್ನು ಅಂಕಿಅಂಶದಿಂದ ಅಳೆಯಲು ಪ್ರತ್ಯೇಕ ಆಯೋಗ, ಸಂಸ್ಥೆವಾರು ಪ್ರಮಾಣ ನಿಗದಿ, ಎಲ್ಲ ಸೇರಿ ಶೇ 50 ಮೀರದಂತೆ ಮಿತಿ. ಕರ್ನಾಟಕದಲ್ಲಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ 2022ರ ಜುಲೈನಲ್ಲಿ ವರದಿ ಕೊಟ್ಟಿತು. ಪರೀಕ್ಷೆ ಪಾಸಾಗದಿದ್ದರೆ ಚುನಾವಣೆ ನಿಲ್ಲಬೇಕೆ? ಇಲ್ಲ. 2022ರ ಮೇ 10ರಂದು ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿಯೇ ಹೇಳಿತು: ಮೂರು ಪರೀಕ್ಷೆ ಮುಗಿಯದಿದ್ದರೆ ಪರಿಶಿಷ್ಟರ ಮೀಸಲಾತಿ ಬಿಟ್ಟು ಉಳಿದವನ್ನು ಸಾಮಾನ್ಯವೆಂದು ಅಧಿಸೂಚಿಸಿ, ಗಡಿ ವಿಂಗಡಣೆ ಬಾಕಿಯಿದ್ದರೆ ಹಳೆಯ ಗಡಿಗಳಲ್ಲೇ ಚುನಾವಣೆ ನಡೆಸಿ; ಇದು ಎಲ್ಲ ರಾಜ್ಯಗಳಿಗೂ ಅನ್ವಯ. ಹಿಂದುಳಿದ ವರ್ಗಕ್ಕೆ ಮೀಸಲಿಲ್ಲದೆ ಚುನಾವಣೆಗೆ ಹೋಗುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ಹಾಗಾಗಿ ಈ ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಪಾಲಿಸುವವರು ಕಡಿಮೆ.

ಅವಧಿಗೆ ಮುನ್ನ ವಿಸರ್ಜಿಸುವುದು ಹಳೆಯ ದಾರಿ. 2015ರ ಏಪ್ರಿಲ್ 18ರಂದು, ಅವಧಿ ಮುಗಿಯಲು ಕೆಲವೇ ದಿನವಿರುವಾಗ ಬಿಬಿಎಂಪಿಯನ್ನು ವಿಸರ್ಜಿಸಿದರು. ಮತದಾನ ನಡೆದದ್ದು ಆಗಸ್ಟ್ 22ಕ್ಕೆ. ವಿಸರ್ಜನೆಗೆ ಆರು ತಿಂಗಳ ಗಡುವಿದೆ ತಾನೆ, ಅದನ್ನು ‘ಸಿಕ್ಕ ರಜೆ’ಯೆಂದು ಓದಿದರೆ ಹೀಗಾಗುತ್ತದೆ. ಸಂಸ್ಥೆಗಳನ್ನು ಒಡೆಯುವುದು, ಕೂಡಿಸುವುದು ಮತ್ತೊಂದು ದಾರಿ. ದೆಹಲಿಯಲ್ಲಿ 2022ರ ಮಾರ್ಚ್ 9ರಂದು ವೇಳಾಪಟ್ಟಿ ಘೋಷಣೆಗೆ ಕರೆದಿದ್ದ ಪತ್ರಿಕಾಗೋಷ್ಠಿಯಲ್ಲೇ ಆಯೋಗ ಘೋಷಣೆಯನ್ನು ಕೈಬಿಟ್ಟಿತು; ಮೂರು ಪಾಲಿಕೆಗಳನ್ನು ಒಂದು ಮಾಡುವ ಕೇಂದ್ರದ ಆಲೋಚನೆಯ ಸಂದೇಶ ಬಂದಿತ್ತು. ವಾರ್ಡುಗಳು 272ರಿಂದ 250ಕ್ಕೆ ಇಳಿದವು, ಮತದಾನ ಡಿಸೆಂಬರ್ 4ಕ್ಕೆ ಆಯಿತು. 243ಇ ಮತ್ತು 243ಯು ವಿಧಿಗಳ ಎರಡನೇ ಖಂಡದ ಪ್ರಕಾರ ಕಾನೂನು ತಿದ್ದುಪಡಿಯೊಂದರಿಂದ ಕೆಲಸದಲ್ಲಿರುವ ಸಂಸ್ಥೆಯನ್ನು ಅವಧಿಗೆ ಮುನ್ನ ಮುಗಿಸುವಂತಿಲ್ಲ. ಅವಧಿ ಮುಗಿದು ಖಾಲಿಯಿರುವ ಸಂಸ್ಥೆಗೆ ಆ ರಕ್ಷಣೆ ಎಲ್ಲಿಂದ ಬರಬೇಕು?

ಖಾಲಿ ಕುರ್ಚಿಯಲ್ಲಿ ಕೂರುವವರು ಆಡಳಿತಾಧಿಕಾರಿ. ಸಂವಿಧಾನದ ಪಂಚಾಯಿತಿ ಭಾಗದಲ್ಲಿ ಈ ಹುದ್ದೆಯ ಹೆಸರೇ ಇಲ್ಲ. ಅದು ರಾಜ್ಯದ ಕಾಯ್ದೆಗಳ ಕೂಸು. ನಮ್ಮ ಗ್ರಾಮ ಸ್ವರಾಜ್ ಅಧಿನಿಯಮದ 8ನೇ ಪ್ರಕರಣ ಆಡಳಿತ ಸಮಿತಿ ಅಥವಾ ಆಡಳಿತಾಧಿಕಾರಿಯ ನೇಮಕದ ಮಾತಾಡುತ್ತದೆ. ಹಳ್ಳಿಯಲ್ಲಿ ಇದರ ಬಿಸಿ ತಟ್ಟುವುದು ಹಣದ ಕಡೆಯಿಂದ: ಕೇಂದ್ರ ಹಣಕಾಸು ಆಯೋಗದ ಅನುದಾನ ಚುನಾಯಿತ ಸಂಸ್ಥೆಗಳಿಗೆ ಮಾತ್ರ, ಆಡಳಿತಾಧಿಕಾರಿ ಇರುವ ಕಡೆ ಕಂತು ನಿಲ್ಲುತ್ತದೆ. ಜಿಲ್ಲಾ ಪಂಚಾಯಿತಿಯ ಪಾಲು ಏಕೆ ಬಂದಿಲ್ಲ ಎಂದು ಕೇಳುವವರಿಗೆ ಉತ್ತರ ಬಹಳ ಸಲ ಇಷ್ಟೇ.

ನಿಮ್ಮ ಪಂಚಾಯಿತಿ ಅಥವಾ ಪುರಸಭೆಯ ಮೇಲೆ ಕಣ್ಣಿಡಬೇಕೆಂದರೆ ಮೊದಲ ಸಭೆಯ ದಿನಾಂಕ ಹಿಡಿಯಿರಿ. ಮತದಾನದ ದಿನವಲ್ಲ, ಎಣಿಕೆಯ ದಿನವೂ ಅಲ್ಲ. ಬಿಬಿಎಂಪಿಗೆ 2015ರ ಆಗಸ್ಟ್ 22ಕ್ಕೆ ಮತದಾನವಾದರೂ ಮೇಯರ್ ಆಯ್ಕೆಯಾದದ್ದು ಸೆಪ್ಟೆಂಬರ್ 11ಕ್ಕೆ. ಹಾಗಾಗಿಯೇ ಅವಧಿ 2020ರ ಸೆಪ್ಟೆಂಬರ್ 10ರವರೆಗೆ ಬಂತು. ಗ್ರಾಮ ಪಂಚಾಯಿತಿಯಲ್ಲಾದರೆ ಪಿಡಿಒ ಬಳಿ ಇರುವ ನಡವಳಿ ಪುಸ್ತಕ ನೋಡಿ. ಅಕ್ಕಪಕ್ಕದ ಎರಡು ಪಂಚಾಯಿತಿಗಳಿಗೇ ದಿನಾಂಕ ಬೇರೆ ಇರಬಹುದು.

ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ. ಒಂದು ವರ್ಷ ಮೊದಲು ಗಡಿ ಕೆಲಸ ಶುರುವಾಗಿದೆಯೇ ಎಂದು ಕೇಳಿ, ಆರು ತಿಂಗಳಿಗೆ ಮೀಸಲಾತಿ ಕರಡು ಎಲ್ಲಿ ಎಂದು ಕೇಳಿ, ಮೂರು ತಿಂಗಳಿಗೆ ಮತದಾರರ ಪಟ್ಟಿ. ಕೇಳುವುದು ಮಾಹಿತಿ ಹಕ್ಕಿನಡಿ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮೂರು ಪಟ್ಟಿಯನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಆ ಕಾರಣಕ್ಕೇ ವಾಪಸ್ ಬರುತ್ತದೆ. ಮೂರು ಅರ್ಜಿ ಹಾಕಿ. ಹಳ್ಳಿಯದಾದರೆ ಗ್ರಾಮೀಣಾಭಿವೃದ್ಧಿ ಇಲಾಖೆಗೆ, ಪಟ್ಟಣವಾದರೆ ನಗರಾಭಿವೃದ್ಧಿ ಇಲಾಖೆಗೆ, ಮತದಾರರ ಪಟ್ಟಿಯದು ಆಯೋಗಕ್ಕೆ. ‘ಚುನಾವಣೆ ಯಾವಾಗ’ ಎಂದು ಕೇಳಬೇಡಿ. ಅದಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಸಿದ್ಧವಿದೆ. ಆಯೋಗ ಸರ್ಕಾರಕ್ಕೆ ಬರೆದ ಪತ್ರಗಳ ದಿನಾಂಕ, ಪ್ರತಿ, ಅವಕ್ಕೆ ಬಂದ ಉತ್ತರದ ಪ್ರತಿ ಕೇಳಿ. ಆಯೋಗ ನಾಲ್ಕು ಸಲ ಬರೆದಿದ್ದು, ಸರ್ಕಾರ ಒಂದಕ್ಕೂ ಉತ್ತರಿಸಿಲ್ಲ ಎಂದು ಆ ಕಾಗದಗಳಿಂದ ಗೊತ್ತಾದರೆ ಸರ್ಕಾರಕ್ಕೆ ನಿರ್ದೇಶನ ಕೋರಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯ ಅರ್ಧ ಭಾಗ ಬರೆದಾಯಿತು.

ರಿಟ್ 226ನೇ ವಿಧಿಯಡಿ. ಎದುರುದಾರರಾಗಿ ಇಲಾಖೆ, ಚುನಾವಣಾ ಆಯೋಗ, ಇದ್ದರೆ ಸೀಮಾ ನಿರ್ಣಯ ಆಯೋಗ, ಮೂವರೂ ಇರಲಿ; ಒಬ್ಬರನ್ನು ಬಿಟ್ಟರೆ ಉಳಿದವರು ಅವರ ಕಡೆ ಬೆರಳು ತೋರಿಸುತ್ತಾರೆ. ಬೇಡಿಕೆಯ ಪದಗಳಲ್ಲಿ ಎಚ್ಚರ ಬೇಕು. ‘ಇಂಥ ವಾರ್ಡಿನ ಗಡಿ ತಪ್ಪು, ರದ್ದು ಮಾಡಿ’ ಎಂದು ಒಂದು ಸಾಲು ಸೇರಿಸಿದಿರೋ, ಚುನಾವಣೆ ನಿಲ್ಲಿಸುವ ತಡೆಯಾಜ್ಞೆಗೆ ನೀವೇ ಬಾಗಿಲು ತೆರೆದಂತೆ. 243ಒ ಮತ್ತು 243ಝಡ್‌ಜಿ ವಿಧಿಗಳು ಚುನಾವಣೆಗೆ ಅಡ್ಡ ಬರುವ ಅರ್ಜಿಗಳಿಗೆ ತಡೆ ಹಾಕಿವೆ. ಚುನಾವಣೆ ಸಾಗಲು ನೆರವಾಗುವ ಅರ್ಜಿಯನ್ನು ಕೋರ್ಟುಗಳು ಕೇಳುತ್ತವೆ. ಗಡಿ, ಮೀಸಲಾತಿಯ ತಕರಾರಿದ್ದರೆ ಕರಡಿನ ಆಕ್ಷೇಪಣೆ ಅವಧಿಯಲ್ಲೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ವರ್ಷಗಟ್ಟಲೆ ನಿಂತ ಚುನಾವಣೆಗಳಲ್ಲಿ ಎಷ್ಟೋ ನಿಂತದ್ದು ಆಕಾಂಕ್ಷಿಗಳೇ ಕೊನೆ ಗಳಿಗೆಯಲ್ಲಿ ಹಾಕಿದ ಮೀಸಲಾತಿ ತಕರಾರಿನಿಂದ.

ಸರ್ಕಾರಿ ವಕೀಲರು ‘ಎಂಟು ವಾರ ಕೊಡಿ’ ಎಂದರೆ ಬರಿಯ ಎಂಟು ವಾರಕ್ಕೆ ಒಪ್ಪಬೇಡಿ. ಗಡಿಯ ಅಂತಿಮ ಅಧಿಸೂಚನೆ ಇಂಥ ದಿನ, ಮೀಸಲಾತಿ ಕರಡು ಇಂಥ ದಿನ, ಅಂತಿಮ ಪಟ್ಟಿ ಇಂಥ ದಿನ ಎಂದು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರೆಸಿ, ಅದನ್ನು ಆದೇಶದಲ್ಲಿ ದಾಖಲಿಸಿ ಎಂದು ಕೇಳಿ. ದಿನಾಂಕವಿಲ್ಲದ ಭರವಸೆ ಮುರಿದರೆ ಅದು ನ್ಯಾಯಾಂಗ ನಿಂದನೆ ಎಂದು ತೋರಿಸುವುದು ಕಷ್ಟ. ದಿನಾಂಕವಿದ್ದೂ ಮುರಿದರೆ ನಿಂದನಾ ಅರ್ಜಿಗೆ ಒಂದು ವರ್ಷದ ಕಾಲಮಿತಿಯಿದೆ, ಮರೆಯಬೇಡಿ.

ಚುನಾವಣೆ ಮುಗಿದ ಮೇಲೂ ಒಂದು ಗುಂಡಿ ಇದೆ. 2018ರ ಆಗಸ್ಟ್ 31ಕ್ಕೆ ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಮತದಾನವಾಯಿತು, ಸೆಪ್ಟೆಂಬರ್ 3ಕ್ಕೆ ಫಲಿತಾಂಶ ಬಂತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟ್ ಮೆಟ್ಟಿಲೇರಿ ಹಲವು ಕಡೆ 2020ರ ಕೊನೆಯವರೆಗೂ ಅಧ್ಯಕ್ಷರೇ ಇರಲಿಲ್ಲ. ಗೆದ್ದ ಸದಸ್ಯರು ಎರಡು ವರ್ಷ ಪ್ರಮಾಣಪತ್ರ ಹಿಡಿದು ಕೂತರು, ಆಡಳಿತಾಧಿಕಾರಿಯೇ ಕಡತಕ್ಕೆ ಸಹಿ ಹಾಕಿದರು. ಐದು ವರ್ಷದ ಗಡಿಯಾರ ಓಡಲು ಶುರುವಾಗುವುದು ಮೊದಲ ಸಭೆಯಿಂದ, ಆ ಸಭೆ ಕರೆಯಲು ಅಧ್ಯಕ್ಷ ಸ್ಥಾನದ ಪಟ್ಟಿ ಬೇಕು. ಅದು ನಾಲ್ಕನೇ ಪಟ್ಟಿ, ಅದನ್ನು ಹೊರಡಿಸುವುದೂ ಸರ್ಕಾರವೇ. ಮಾಹಿತಿ ಹಕ್ಕಿನ ನಾಲ್ಕನೇ ಅರ್ಜಿಗೂ 10 ರೂಪಾಯಿ ತೆಗೆದಿಡಿ.